ಸುಣ್ಣದ ಸೂತ್ರ

ಸವಣೂರು,
೩ನೆಯ ಸಪ್ಟೆಂಬರ ೧೯೩೮

ಭಾವನವರಾದ ಪಂಡಿತ ಮಹಾಲಿಂಗಪ್ಪನವರಿಗೆ ಪರಮೇಶ್ವರಪ್ಪನ ನಮಸ್ಕಾರ.

‘ಉಭಯಕುಶಲೋಪರಿ’ ಎಂದು ಆರಂಭಿಸುವ ರೂಢಿಯಿದೆ. ಆದರೆ ಕುಶಲವು ಉಭಯತ್ರ ಎಲ್ಲಿದೆ? ನನ್ನ ಪಾಲಿನದನ್ನೂ ನೀವೇ ಪಂಚಮಿ ಹಬ್ಬಕ್ಕೆಂದು ಗಂಟು ಕಟ್ಟಿ ಹಿರೇಕೆರೂರಿಗೆ ಒಯ್ದಿರಿ. ಹಬ್ಬ ಮುಗಿಯಿತು. ಜೋಕಾಲಿ ಕಟ್ಟಿದ ಹಗ್ಗ ಮರಳಿ ಎತ್ತಿನ ಕೊರಳು ಸೇರಿತು. ಉಂಡಿ ತಿಂದವರ ಹೊಟ್ಟೆನೋವು ಕೂಡ ನಿಂತಿತು. ನಿಮ್ಮ ತಂಗಿ ಮಾತ್ರ ತವರಿನಿಂದ ಏಳಲಿಲ್ಲ.

ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ ನಾವು ‘ನೀನು’ ‘ನಾನು’ ಆಗಿದ್ದೆವು. ನೀವು ತಂಗಿಯನ್ನು ಕೊಟ್ಟು ಭಾವನಾದಿರಿ; ಅಂದಿನಿಂದ ಸ್ನೇಹಭಾವ ಹೋಗಿ ಭಾವ ಮಾತ್ರ ಉಳಿಯಿತು. ಈ ಪತ್ರದ ಬಹುವಚನವನ್ನು ಗೌರವವೆಂದು ತಿಳಿಯಬೇಡಿರಿ.

ನಡೆದದ್ದಾದರೂ ಏನು? ನೀವೇ ಪಡಸಾಲಿಯಲ್ಲಿ ಕುಳಿತು ನೋಡಿದ್ದೀರಿ. ಸುಶೀಲೆ ತವರಿಗೆ ಹೊರಟಳೆಂದು ನಮ್ಮ ಶಾಲೆಯ ಹೆಡ್‌ಮಾಸ್ತರ ಹೆಂಡತಿ ಸರೋಜವ್ವ ಮುಂತಾದ ಹೆಂಗಸರು ಅವಳಿಗೆ ಉಡಿ ತುಂಬಿದರು. ಎಲೆಗೆ ಸುಣ್ಣ ಹಚ್ಚಿ ಕೈಯಲ್ಲಿಟ್ಟು, ಗಂಡನ ಹೆಸರು ಹೇಳಿ ಬಾಯಿಗೆ ಹಾಕಿಕೋ ಎಂದರು. ಹೆಂಡತಿಯಾದವಳು ಗಂಡನ ಹೆಸರನ್ನು ನೇರವಾಗಿ ಉಚ್ಚರಿಸಬಾರದು, ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಒಡಪು ಮಾಡಿ ಹೇಳಬೇಕು! ಹೆಸರೇನು ಕಹಿ ಮಾತ್ರೆಯೇ, ಬೆಲ್ಲದಲ್ಲಿ ಸುತ್ತಿ ನುಂಗಲು? ಒಂದು ವರ್ಷ ರೊಟ್ಟಿ ಬಡಿಯುವವಳ ಪಕ್ಕದಲ್ಲಿ ಕುಳಿತು ನಾನು ಅವಳಿಗೆ ಆಮ್ಲ ಕ್ಷಾರಗಳ ಹೆಸರು ಮತ್ತು ಸೂತ್ರ ಕಲಿಸಿದ್ದೇನೆ. ಆದುದರಿಂದ ಪಡಸಾಲಿಯಿಂದಲೇ ಕೂಗಿ ಹೇಳಿದೆ: “ಆ ಹಾಡ ಬಿಡು. ಎಲಿಗೆ ಹಚ್ಚಿದ ಸುಣ್ಣದ ಸೂತ್ರ ಹೇಳು, ಕೇಳೂಣು.”

ಅವಳು ಕಂಬದ ಹಾಗೆ ನಿಂತಳು. ಸೂತ್ರ ಬಾರದವಳಿಗೆ ಮಂಗಳಸೂತ್ರ ಕಟ್ಟಿ ಕೆಟ್ಟೆ ಎಂದು ನಾನು ಒಂದು ಮಾತು ಸೇರಿಸಿದೆ. ಹೆಡ್‌ಮಾಸ್ತರು ಬಸವಣ್ಣೆಪ್ಪನವರು ನಕ್ಕರು, ಉರ್ದು ಮಾಸ್ತರ ಮಜೀದ ನಕ್ಕ, ನೀವೂ ನಕ್ಕಿರಿ. ಅವಳು ಎಲೆಯನ್ನು ತಟ್ಟೆಯಲ್ಲಿಟ್ಟು ಮೋಟಾರು ಹತ್ತಿದಳು. ಇಷ್ಟೇ. ನಗೆಯೊಂದು ಹೊಗೆಯಾಗಿ ಒಂದು ತಿಂಗಳು ಸುತ್ತಬೇಕೆ?

ಭಾಷೆ ತಿದ್ದಲು ನಿಮ್ಮ ಕೈಗೆ ಕೊಟ್ಟ ನನ್ನ ‘ಆಮ್ಲ ಕ್ಷಾರ ಪ್ರವೇಶ’ದ ಹಸ್ತಪ್ರತಿಯನ್ನೂ ನನ್ನ ಹೆಂಡತಿಯನ್ನೂ ಕೂಡಲೇ ಕಳಿಸಿಕೊಡತಕ್ಕದ್ದು. ಎರಡನ್ನೂ ಹೆಚ್ಚು ತಿದ್ದಬೇಡಿರಿ.

ಇತಿ, ಅವ್ವನ ಕೈಯ ಕರಿದಾದ ರೊಟ್ಟಿ ತಿನ್ನುತ್ತಿರುವ
ಪರಮೇಶ್ವರಪ್ಪ


ಹಿರೇಕೆರೂರು,
೧೪ನೆಯ ಸಪ್ಟೆಂಬರ ೧೯೩೮

ಪರಮೇಶ್ವರಪ್ಪನಿಗೆ,

ನಾನು ‘ನೀನು’ ಎಂದೇ ಬರೆಯುತ್ತೇನೆ. ತಿರಸ್ಕಾರಕ್ಕೆ ಏಕವಚನ ಸಾಕು. ಬಹುವಚನ ಖರ್ಚು ಮಾಡುವಷ್ಟು ದೊಡ್ಡ ವಸ್ತು ನೀನಲ್ಲ.

ನಿನ್ನ ಹಸ್ತಪ್ರತಿಯನ್ನು ಓದಿದೆ. ಓದಿ ಕೈ ತೊಳೆದುಕೊಂಡೆ. ಇಂಗ್ಲೀಷ ಅಕ್ಷರಗಳನ್ನು ಓಡಿಸಿ ಕನ್ನಡದಲ್ಲಿ ಸೂತ್ರ ಬರೆಯುತ್ತೇನೆ ಎಂದು ಹೊರಟವನು ಬರೆದದ್ದೇನು? ಜಲಜನಕಕ್ಕೆ ‘ಜ’, ಆಮ್ಲಜನಕಕ್ಕೆ ‘ಆ’, ನೀರಿಗೆ ‘ಜ೨ಆ’. ಜನಕ ಎಂದರೆ ತಂದೆ ಎಂದು ನಾನು ಮೂರನೆಯ ಇಯತ್ತೆಯ ಮಕ್ಕಳಿಗೆ ಕಲಿಸುತ್ತೇನೆ. ಅಂದರೆ ನಿನ್ನ ನೀರಿಗೆ ಮೂವರು ತಂದೆಯರು. ತಾಯಿ ಒಬ್ಬಳೂ ಇಲ್ಲ. ಇಂಥವನ ಮನೆಯಲ್ಲಿ ಹೆಣ್ಣುಮಗಳು ಬಾಳುವುದು ಹೇಗೆ?

ಇನ್ನು ಆಮ್ಲಜನಕ, ಅಂದರೆ ಆಮ್ಲದ ತಂದೆ. ಆದರೆ ಉಪ್ಪಿನಿಂದ ತೆಗೆದ ಆಮ್ಲಕ್ಕೆ ‘ಜಹ’ ಎಂದು ಸೂತ್ರ ಕೊಟ್ಟಿದ್ದೀ. ಹರಿನವೆಂಬ ಹಸಿರು ಗಾಳಿಗೆ ‘ಹ’ ಅಂತೆ. ಅಲ್ಲಿ ತಂದೆ ಎಲ್ಲಿ ಹೋದ? ನೋಡಿದರೆ ಆಮ್ಲಕ್ಕೆ ವೈರಿಯಾದ ಸುಣ್ಣದ ಮನೆಯಲ್ಲಿ ಒಬ್ಬನಲ್ಲ, ಇಬ್ಬರು ಆಮ್ಲಜನಕರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಹೆತ್ತ ಮನೆ ಬಿಟ್ಟು ವೈರಿಯ ಮನೆಯಲ್ಲಿ ಉಣ್ಣುವ ತಂದೆಗೆ ಕನ್ನಡದಲ್ಲಿ ಬೇರೆ ಹೆಸರಿದೆ, ಬರೆಯುವುದಿಲ್ಲ. ಇದು ಆಮ್ಲದ ಶಾಸ್ತ್ರವಲ್ಲ ಮಾರಾಯ, ಅಮಲಿನ ಶಾಸ್ತ್ರ.

ತಂಗಿಯನ್ನು ಕೇಳಿದೆ. “ನಾ ಒಲ್ಲೆ” ಎಂಬ ಎರಡು ಶಬ್ದದ ಮೇಲೆ ಮಾತು ಬೆಳೆಯಲಿಲ್ಲ. ನನಗೆ ತೋರುವುದು ಇಷ್ಟು: ಅವಳಿಗೆ ಉತ್ತರ ಬಾರದೆ ನಾಚಿಕೆಯಾಗಿದೆ. ತಪ್ಪು ಅವಳದಲ್ಲ, ಕಲಿಸಿದವನದು. ನಾನು ಬಿ.ಎ. ಆದರೂ ನಿನ್ನ ಹಸ್ತಪ್ರತಿ ಹಿಡಿದು ಅವಳಿಗೆ ಸರಿಯಾಗಿ ಕಲಿಸುತ್ತೇನೆ. ಅವಳು ನಿನ್ನ ಹೆಡ್‌ಮಾಸ್ತರ ಮುಂದೆ ನಿಂತು ನಿನಗೇ ಪ್ರಶ್ನೆ ಕೇಳುವ ದಿನ ನಾನು ಸವಣೂರಿಗೆ ಬಂದು ಇನ್ನೊಮ್ಮೆ ನಗುತ್ತೇನೆ.

ನಿನ್ನ ಹಿತಚಿಂತಕನಲ್ಲದ
ಮಹಾಲಿಂಗಪ್ಪ


ಸವಣೂರು,
೭ನೆಯ ಅಕ್ಟೋಬರ ೧೯೩೮

ಪಂಡಿತರಿಗೆ,

ಎತ್ತು ಗಾಡಿಯ ತಪ್ಪು ಹುಡುಕಿದಂತೆ ನೀವು ರಸಾಯನದ ತಪ್ಪು ಹುಡುಕಿದ್ದೀರಿ. ಸಂತೋಷ. ಆಮ್ಲಜನಕ ಎಂಬ ಹೆಸರಿನಲ್ಲಿ ದೋಷವಿದೆ ಎಂಬುದು ಸರಿ. ಪರದೇಶದ ಪಂಡಿತನೊಬ್ಬ ಎಲ್ಲ ಆಮ್ಲಗಳಲ್ಲಿಯೂ ಅದೇ ಇದೆಯೆಂದು ತಿಳಿದು ಹಾಗೆ ಕರೆದ. ನಮ್ಮವರು ಅವನ ತಪ್ಪನ್ನು ಕನ್ನಡಕ್ಕೆ ಅನುವಾದಿಸಿದರು. ನಿಮ್ಮಂಥ ಪಂಡಿತರೇ ಇರಬೇಕು.

ಈಗ ಕಿವಿಯಲ್ಲಿ ಎಣ್ಣೆ ಹಾಕಿಕೊಂಡು ಕೇಳಿರಿ. ಸೂತ್ರದ ಮುಂಬಾಗಿಲಲ್ಲಿ ‘ಜ’ ನಿಂತಿದ್ದರೆ ಅದು ಆಮ್ಲ. ಹಿತ್ತಲ ಬಾಗಿಲಲ್ಲಿ ‘ಆಜ’ ಎಂಬ ಜೋಡಿ ನಿಂತಿದ್ದರೆ ಅದು ಕ್ಷಾರ. ಎಷ್ಟು ಜೋಡಿ ಎಂಬುದು ಯಜಮಾನ ಲೋಹದ ಕೈಗಳ ಲೆಕ್ಕ. ಸೋಡಾದ ಲೋಹಕ್ಕೆ ಒಂದೇ ಕೈ, ಆದ್ದರಿಂದ ಕಾಸ್ಟಿಕ್ ಸೋಡಾ ‘ಸೋಆಜ’. ಸುಣ್ಣದ ಲೋಹಕ್ಕೆ ಎರಡು ಕೈ, ಆದ್ದರಿಂದ ‘ಸು(ಆಜ)೨’. ಜೋಡಿಯನ್ನು ಬಿಡಿಸಬಾರದೆಂದು ಸುತ್ತಲೂ ಕಂಸ ಹಾಕುವುದು. ಕಂಸ ಎಂದೊಡನೆ ನೆನಪಾಯಿತು: ಪುರಾಣದಲ್ಲಿಯೂ ಒಬ್ಬ ಕಂಸನಿದ್ದ. ಅವನು ತಂಗಿಯನ್ನು ಮನೆಯಲ್ಲಿ ಕೂಡಿಹಾಕಿಕೊಂಡಿದ್ದ. ಅವನ ಗತಿ ಏನಾಯಿತೆಂದು ತಾವು ಮೂರನೆಯ ಇಯತ್ತೆಯವರಿಗೆ ಕಲಿಸುತ್ತಿರಬಹುದು.

ಗಂಧಕದ ಆಮ್ಲ ಎರಡು ತರದವು. ಒಂದರಲ್ಲಿ ‘ಆ’ ನಾಲ್ಕು, ಇನ್ನೊಂದರಲ್ಲಿ ಮೂರು: ‘ಜ೨ಗಂಆ೪’, ‘ಜ೨ಗಂಆ೩’. ಇಂಗ್ಲೀಷಿನವರು ಹೆಸರಿನ ಬಾಲ ಬದಲಿಸಿ ಇವನ್ನು ಬೇರೆ ಮಾಡುತ್ತಾರೆ. ನಾನು ಹಿರೇಗಂಧಕಾಮ್ಲ, ಚಿಕ್ಕಗಂಧಕಾಮ್ಲ ಎಂದಿದ್ದೇನೆ. ಹಿರೇಕೆರೂರು, ಚಿಕ್ಕೇರೂರು ಇದ್ದ ಹಾಗೆ. ಸುಡುವ ಗುಣ ‘ಹಿರೇ’ದಕ್ಕೇ ಹೆಚ್ಚು ಎಂಬುದು ಸ್ವಾನುಭವ. ಮಜೀದ ಮಾತ್ರ ಇದಾವುದೂ ಬೇಡ, ಎಲ್ಲಕ್ಕೂ ‘ತೇಜಾಬ’ ಎಂದರೆ ಸವಣೂರಿನ ಅಕ್ಕಸಾಲಿಗನಿಗೂ ತಿಳಿಯುತ್ತದೆ ಎನ್ನುತ್ತಾನೆ. ಅಕ್ಕಸಾಲಿಗನಿಗೆ ತಿಳಿಯುವಂಥದ್ದನ್ನು ಬರೆಯಲು ನಾನು ಬಿ.ಎಸ್ಸಿ. ಆಗಬೇಕಿತ್ತೆ?

ಇರಲಿ. ತಾವು ಕಲಿಸುವುದಾದರೆ ಕಲಿಸಿರಿ. ದೀಪಾವಳಿಗೆ ಅಳಿಯನೆಂದು ಕರೆದರೆ ಬಂದೇನು. ಅವಳು ಹತ್ತು ಸೂತ್ರ ತಪ್ಪಿಲ್ಲದೆ ಹೇಳಿದರೆ ಅದೇ ಮೋಟಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಹೇಳದಿದ್ದರೆ ಯುಗಾದಿಯವರೆಗೆ ಅಭ್ಯಾಸ ನಡೆಯಲಿ. ನನಗೇನೂ ಅವಸರವಿಲ್ಲ. ಅಧ್ಯಾಯ ಬರೆದು ಮುಗಿಸಿ ಓದಿ ತೋರಿಸಲು ಮನೆಯಲ್ಲಿ ಕಿವಿಗಳಿಲ್ಲ, ಅಷ್ಟೇ. ಅವ್ವ ದಾನವ್ವ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ.

ಇತಿ,
ಪರಮೇಶ್ವರಪ್ಪ


ಹಿರೇಕೆರೂರು,
೨೯ನೆಯ ಅಕ್ಟೋಬರ ೧೯೩೮

ಎಲೈ ವಿಜ್ಞಾನಿಯೇ,

ನೀನು ದೀಪಾವಳಿಗೆ ಬರಲಿಲ್ಲ. ನಾನು ಕರೆಯಲಿಲ್ಲವೆಂಬುದು ಕಾರಣವಲ್ಲ. ಕರೆಯದೆ ಬರುವ ಧೈರ್ಯ ನಿನಗಿರಲಿಲ್ಲ. ಬಂದಿದ್ದರೆ ನನ್ನ ಪಾಲಿನ ಶಿಕ್ಷೆ ಅರ್ಧವಾದರೂ ಹಂಚಿಹೋಗುತ್ತಿತ್ತು.

ನಿನ್ನ ಪತ್ರ ಬಂದ ದಿನದಿಂದ ತಂಗಿಯನ್ನು ಎದುರಿಗೆ ಕೂಡಿಸಿಕೊಂಡು ಪಾಠ ಶುರು ಮಾಡಿದೆ. ಅವಳು ಮೂರು ದಿನ ನಾನು ಹೇಳಿದ್ದನ್ನೆಲ್ಲ ತಲೆಬಾಗಿ ಕೇಳಿದಳು. ನಾನು ಉಣ್ಣುವಾಗ ಪ್ರಶ್ನೆ, ಅವಳು ನೀರು ಸೇದುವಾಗ ಪ್ರಶ್ನೆ. ಒಮ್ಮೆಯೂ ಉತ್ತರ ಕೊಡಲಿಲ್ಲ. ನಿನ್ನ ಶಿಷ್ಯೆ ಹೀಗೆಯೇ ಇರಬೇಕು ಎಂದುಕೊಂಡೆ.

ಪಾಡ್ಯದ ದಿನ ಎಲೆ ಹಾಕಿ ಕುಳಿತೆ. ನನ್ನ ಹೆಂಡತಿ ಫಕ್ಕೀರವ್ವ ಹೋಳಿಗೆ ಬೇಯಿಸುತ್ತಿದ್ದಳು, ಬಡಿಸುವ ಕೆಲಸ ಸುಶೀಲೆಯದು. ಅನ್ನ ಬಂತು, ಸಾರು ಬಂತು. ಬಾಯಿಗಿಟ್ಟರೆ ಸಾರಿನಲ್ಲಿ ಉಪ್ಪಿಲ್ಲ. ಉಪ್ಪು ಬಡಿಸು ಎಂದೆ. ಅವಳು ಉಪ್ಪಿನ ಮರಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಎದುರಿಗೆ ನಿಂತು, “ಸೂತ್ರ ಹೇಳಣ್ಣಾ, ಹಾಕ್ತೇನಿ” ಎಂದಳು.

ನಿನ್ನ ಹಸ್ತಪ್ರತಿ ನನ್ನ ತಲೆಯಲ್ಲಿ ಗಿರಕಿ ಹೊಡೆಯಿತು. ‘ಸೋಹ’ವೋ ‘ಹಸೋ’ವೋ ನೆನಪಾಗಲಿಲ್ಲ. ನೆರೆಮನೆಯ ಲಕ್ಕಪ್ಪ ಬೇರೆ ಹಬ್ಬದೂಟಕ್ಕೆ ಪಕ್ಕದಲ್ಲಿ ಕುಳಿತಿದ್ದ; ಅವನು ನನ್ನ ಮುಖ ನೋಡತೊಡಗಿದ. ನಾನು ಬಿ.ಎ. ಪಂಡಿತ, ಹಬ್ಬದ ದಿನ, ಸ್ವಂತ ಮನೆಯಲ್ಲಿ, ಸಪ್ಪೆ ಸಾರು ಉಂಡು ಎದ್ದೆ. ಆಮೇಲೆ ಎಲೆ ಅಡಿಕೆ ಹಾಕಿಕೊಳ್ಳೋಣ ಎಂದರೆ ಸುಣ್ಣಕ್ಕೂ ಅದೇ ಕಟ್ಟು. ಫಕ್ಕೀರವ್ವ ಒಲೆಯ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದರಲ್ಲಿ ಎರಡು ಹೋಳಿಗೆ ಸೀದವು.

ಇದು ನಿನ್ನ ಮನೆಯಿಂದ ಬಂದ ಸೋಂಕು. ನಿನ್ನ ಶಾಸ್ತ್ರ ನಿನ್ನ ಬಳಿಯೇ ಇರಲಿ, ನಾನು ಪಾಠ ನಿಲ್ಲಿಸಿದ್ದೇನೆ. ಹಸ್ತಪ್ರತಿಯನ್ನು ಟಪಾಲಿನಲ್ಲಿ ಕಳಿಸಿದ್ದೇನೆ. ತಂಗಿಯ ವಿಷಯದಲ್ಲಿ ಅವಳೇ ನಿನಗೆ ಬರೆಯುತ್ತಾಳಂತೆ. ತಡೆಯಲು ಹೋದೆ. ರಾತ್ರಿಯ ಅಡಿಗೆಯೂ ಅವಳದೇ ಎಂದು ನೆನಪಾಗಿ ಸುಮ್ಮನಾದೆ.

ಸಪ್ಪೆಯಾದ
ಮಹಾಲಿಂಗಪ್ಪ


ಹಿರೇಕೆರೂರು,
೨೦ನೆಯ ನವೆಂಬರ ೧೯೩೮

ಸೈನ್ಸ್ ಮಾಸ್ತರವರಿಗೆ ನಮಸ್ಕಾರ.

ಲಕೋಟೆಯ ಮೇಲೆ ತಮ್ಮ ಹೆಸರಿಲ್ಲದ್ದಕ್ಕೆ ಟಪಾಲಿನ ಮಲ್ಲಿಕಸಾಬ ತೊಂದರೆಪಟ್ಟಿದ್ದರೆ ಕ್ಷಮಿಸಬೇಕು. ಹೆಂಡತಿಯಾದವಳು ಹೆಸರು ಬರೆಯಬಾರದಂತೆ. ಒಡಪಿನಲ್ಲಿ ಬರೆದರೆ ಅದು ಟಪಾಲಿನವರಿಗೆ ವಿಳಾಸವಾಗುವುದಿಲ್ಲ.

ತಾವೂ ಅಣ್ಣನೂ ನಾಲ್ಕು ಪತ್ರ ಬರೆದಾಡಿದಿರಿ. ಅಣ್ಣ ನಗುವುದಕ್ಕೆಂದು ಎಲ್ಲವನ್ನೂ ಗಟ್ಟಿಯಾಗಿ ಓದಿದ, ಆದ್ದರಿಂದ ನಾನೂ ಕೇಳಿದೆ. ನೀರಿಗೆ ತಂದೆಯರೆಷ್ಟು, ಕಂಸ ಯಾರು, ಯಾವ ಊರು ಹಿರಿದು ಯಾವುದು ಚಿಕ್ಕದು, ಎಲ್ಲ ತೀರ್ಮಾನವಾಯಿತು. ಅವತ್ತು ಎಲೆ ಕೈಯಲ್ಲಿ ಹಿಡಿದು ನಾನು ಏನು ಹೇಳುವವಳಿದ್ದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಸುಣ್ಣದ ಸೂತ್ರ ನನಗೆ ಬರುತ್ತಿತ್ತು. ಮೊದಲು ಸು. ಮುಂದೆ ಕಂಸ, ಕಂಸದೊಳಗೆ ಆಜ, ಕಂಸದ ಹೊರಗೆ ಕೆಳಗಡೆ ಎರಡು. ಕಂಸ ಮರೆತರೆ ಎರಡು ಎಂಬುದು ಜ ಒಂದಕ್ಕೇ ಹತ್ತುತ್ತದೆ, ಆ ಒಂಟಿಯಾಗುತ್ತದೆ, ಆಗ ಅದು ಸುಣ್ಣವೂ ಅಲ್ಲ ಮತ್ತೊಂದೂ ಅಲ್ಲ ಎಂಬುದೂ ಬರುತ್ತಿತ್ತು. ಒಂದು ವರ್ಷ ಹೊಗೆಯಲ್ಲಿ ಕೂತು ಕಲಿಸಿದ್ದೀರಿ. ತಾವು ಕೆಟ್ಟ ಮಾಸ್ತರಲ್ಲ.

ಹೇಳಲಿಲ್ಲ, ಅಷ್ಟೇ. ಒಲೆಯ ಮುಂದೆ ಇಬ್ಬರೇ ಇದ್ದಾಗ ಹೇಳಿದ ಸೂತ್ರ ಬೇರೆ. ನಾಲ್ಕು ಜನ ಗಂಡಸರು ಪಡಸಾಲಿಯಲ್ಲಿ ಕೂತು ನೋಡುವಾಗ, ಗಿಣಿಗೆ ರಾಮ ಅನ್ನು ಎಂದ ಹಾಗೆ ಕೇಳಿದ ಸೂತ್ರ ಬೇರೆ. ಇದಕ್ಕೆ ತಮ್ಮ ಪುಸ್ತಕದಲ್ಲಿ ಎರಡು ಹೆಸರು ಇಟ್ಟಿಲ್ಲ.

ಅವತ್ತಿನ ಒಡಪನ್ನು ನಾನೇ ಕಟ್ಟಿದ್ದೆ. ಬಹಳ ದಿನ ಹಿಡಿಯಿತು. ಈಗ ಕೇಳಬೇಡಿರಿ. ಸುಟ್ಟ ಸುಣ್ಣವನ್ನು ತಿಂಗಳುಗಟ್ಟಲೆ ಗಾಳಿಗೆ ಇಟ್ಟರೆ ಕಾವು ಹೋಗಿ ಬರೀ ಪುಡಿಯಾಗುತ್ತದೆ.

ನಾನು ಬರುವುದಾದರೆ ಹೀಗೆ ಬರುತ್ತೇನೆ. ಅವತ್ತು ಇದ್ದವರೆಲ್ಲ ಇರಬೇಕು. ಸವಣೂರಿನ ನಮ್ಮ ಮನೆಯ ಹೊಸ್ತಿಲಲ್ಲಿ ಹೆಂಗಸರು ತಮ್ಮನ್ನು ತಡೆಯಬೇಕು. ತಾವು ನನ್ನ ಹೆಸರನ್ನು ಒಡಪಿನಲ್ಲಿ ಹೇಳಿ ಒಳಗೆ ಬರಬೇಕು. ಅದರಲ್ಲಿ ತಮ್ಮ ಆಮ್ಲ ಕ್ಷಾರ ಇರಬೇಕು, ಏಕೆಂದರೆ ತಮಗೆ ಬೇರೆ ಏನೂ ಬರುವುದಿಲ್ಲ. ಸ್ವಂತ ಕಟ್ಟಿದ್ದಾಗಿರಬೇಕು; ಅಣ್ಣನ ಪಂಡಿತಿಕೆ ಕಂಡರೆ ನನಗೆ ಗುರುತು ಸಿಗುತ್ತದೆ. ಮೊದಲು ಬರೆದು ಕಳಿಸಿರಿ. ನೋಡಿ ಹೇಳುತ್ತೇನೆ.

ಅತ್ತಿಯವರಿಗೆ ನಮಸ್ಕಾರ ಹೇಳಬೇಕು. ಒಲೆಯ ಉರಿ ಇಳಿಸಿ ಸುಟ್ಟರೆ ಜೋಳದ ರೊಟ್ಟಿ ಸೀಯುವುದಿಲ್ಲ ಎಂದು ಅವರಿಗೆ ಗೊತ್ತು. ರೊಟ್ಟಿ ಕರಿದಾಗುತ್ತಿದ್ದರೆ ಅವರು ಬೇಕೆಂದೇ ಮಾಡುತ್ತಿದ್ದಾರೆ.

ಸುಶೀಲವ್ವ


ಸವಣೂರು,
೧೮ನೆಯ ಡಿಸೆಂಬರ ೧೯೩೮

ಸೌಭಾಗ್ಯವತಿ ಸುಶೀಲೆಗೆ,

ನಿನ್ನ ಪತ್ರ ತಲುಪಿತು. ಮಲ್ಲಿಕಸಾಬ ಶಾಲೆಯ ವರಾಂಡದಲ್ಲಿ ನಿಂತು, “ಹೆಸರಿಲ್ಲದ ಮಾಸ್ತರ ಯಾರರಿ?” ಎಂದು ಕೂಗಿ ಅದನ್ನು ಕೊಟ್ಟ. ಈಗ ಹುಡುಗರು ನನಗೆ ಅದೇ ಹೆಸರಿಟ್ಟಿದ್ದಾರೆ.

ಗಂಡಸಾದವನು, ಅದರಲ್ಲಿಯೂ ಬಿ.ಎಸ್ಸಿ. ಎರಡನೆಯ ವರ್ಗದಲ್ಲಿ ಪಾಸಾದವನು, ಹೆಡ್‌ಮಾಸ್ತರ ಎದುರಿಗೆ ಹೊಸ್ತಿಲಲ್ಲಿ ನಿಂತು ಹೆಂಗಸರ ಹಾಡು ಹಾಡಬೇಕೆಂಬುದು ಹಾಸ್ಯಾಸ್ಪದ ಎಂಬುದನ್ನು ಮೊದಲು ದಾಖಲು ಮಾಡುತ್ತೇನೆ. ಪ್ರಾಸವೆಂಬುದು ಅರ್ಥವಿಲ್ಲದವರ ಊರುಗೋಲು. ಆದರೂ ನಿನ್ನ ಹಟಕ್ಕಾಗಿ, ಶಾಲೆಯ ಬಿಡುವಿನಲ್ಲಿ, ಒಂದು ಚಹ ಕುಡಿಯುವುದರೊಳಗೆ ಕಟ್ಟಿಬಿಟ್ಟೆ. ಎಷ್ಟು ಸುಲಭವೆಂದು ನೋಡು:

ಜಲಜನಕ ಎರಡು, ಆಮ್ಲಜನಕ ಒಂದು ಕೂಡಿದ್ರ ನೀರು;
ಸುಶೀಲಿ ಬರದಿದ್ರ ನನ್ನ ಮನ್ಯಾಗ ಇನ್ಯಾರು?

ಶಾಸ್ತ್ರವೂ ಇದೆ, ಶೃಂಗಾರವೂ ಇದೆ. ಮಜೀದನಿಗೆ ಓದಿ ತೋರಿಸಿದೆ, ವಾಹವಾ ಎಂದ. ಬರುವ ಸಂಕ್ರಾಂತಿ ಕಳೆದ ಕೂಡಲೇ ಬರುತ್ತೇನೆ. ಟ್ರಂಕು ಕಟ್ಟಿಕೊಂಡಿರು.

ಪರಮೇಶ್ವರಪ್ಪ


ಹಿರೇಕೆರೂರು,
೮ನೆಯ ಜನೇವರಿ ೧೯೩೯

ಸೈನ್ಸ್ ಮಾಸ್ತರವರಿಗೆ ನಮಸ್ಕಾರ.

ಟ್ರಂಕು ಕಟ್ಟಿಲ್ಲ. ಉತ್ತರ ಪತ್ರಿಕೆಯನ್ನು ತಪಾಸು ಮಾಡಿದ್ದೇನೆ.

ಮೊದಲನೆಯ ಸಾಲು. ಕೇಳಿದ್ದು ಆಮ್ಲ ಕ್ಷಾರ, ಬರೆದದ್ದು ನೀರು. ನೀರು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಪ್ರಶ್ನೆ ಕಠಿಣವಾದಾಗ ಹುಡುಗರು ಬೇರೆ ಪ್ರಶ್ನೆಗೆ ಉತ್ತರ ಬರೆಯುತ್ತಾರೆಂದು ತಾವೇ ಬೈಯುತ್ತಿದ್ದಿರಿ.

ಎರಡನೆಯ ಸಾಲು. ನನ್ನ ಹೆಸರು ಸುಶೀಲವ್ವ. ಸಾಲಿನ ಅಳತೆಗೆಂದು ಕತ್ತರಿಸಿ ಸುಶೀಲಿ ಮಾಡಿದ್ದೀರಿ. ಹಿರೇಗಂಧಕಾಮ್ಲದಿಂದ ಒಂದೇ ಒಂದು ಆ ತೆಗೆದರೂ ಅದು ಬೇರೆ ಪದಾರ್ಥವಾಗುತ್ತದೆ, ಕರೆಯುವವನಿಗೆ ಎಚ್ಚರವಿರಬೇಕು ಎಂದು ಪುಸ್ತಕದಲ್ಲಿ ಕೆಳಗೆ ಗೆರೆ ಎಳೆದು ಬರೆದವರು ಯಾರು?

‘ಮನ್ಯಾಗ ಇನ್ಯಾರು’ ಎಂದರೆ ಅತ್ತಿಯವರು ಇದ್ದಾರೆ. ಅವರು ಕೇಳಿದರೆ ಇವತ್ತಿನ ಕರಿ ರೊಟ್ಟಿಯೂ ಸಿಗಲಿಕ್ಕಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ಕರೆಯುವುದಾದರೆ ಆಳು ಇಡಬಹುದು, ನಾಯಿ ಸಾಕಬಹುದು.

ಒಂದು ಚಹ ಕುಡಿಯುವುದರೊಳಗೆ ಮುಗಿಯಿತು ಎಂದಿದ್ದೀರಿ. ಓದಿದರೆ ತಿಳಿಯುತ್ತದೆ. ಮಜೀದ ಮಾಸ್ತರು ಅವತ್ತು ನಕ್ಕವರು, ಈಗ ವಾಹವಾ ಎಂದವರು. ಅವರ ಮಾತನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನಾಪಾಸು.

ಸುಶೀಲವ್ವ


ಸವಣೂರು,
೧೨ನೆಯ ಫೆಬ್ರುವರಿ ೧೯೩೯

ಸುಶೀಲವ್ವಗೆ,

ತಿಂಗಳ ಮೇಲಾಯಿತು, ಬರೆಯಲಿಲ್ಲ. ಮೊದಲು ಸಿಟ್ಟಿನಿಂದ, ಆಮೇಲೆ ಒಡಪು ಬಾರದೆ.

ನಿನ್ನ ಅಣ್ಣನ ಸಹಾಯ ಕೇಳೋಣವೆಂದು ಒಂದು ಕಾರ್ಡು ಬರೆದು ಹರಿದು ಹಾಕಿದೆ. ಅವನಿಗೆ ಅಷ್ಟು ಸುಖ ಕೊಡಲು ಮನಸ್ಸಾಗಲಿಲ್ಲ. ಒಂದು ಸಂಜೆ ಅಡಿಗೆಮನೆಯಲ್ಲಿ ಕುಳಿತು ಗಟ್ಟಿಯಾಗಿ ಪ್ರಾಸ ಹೊಂದಿಸುತ್ತಿದ್ದೆ. ಆರು ತಿಂಗಳಿಂದ ಮಾತಾಡದಿದ್ದ ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: “ನಿಮ್ಮಪ್ಪ ಇರೂತನಕಾ ನನ್ನ ‘ಏ’ ಅಂತ ಕರದಾ. ನೀ ಸೂತ್ರ ಕೇಳಿ ಕರೀತಿ. ಓದಿದ್ದಕ್ಕ ಇಷ್ಟ ಫರಕ ಆತು ನೋಡು.”

ಅದರ ಮೇಲೆ ನಾನು ಪುಸ್ತಕ ತೆಗೆಯಲಿಲ್ಲ.

ಒಡಪು ಕೆಳಗಿದೆ. ಪ್ರಾಸ ಸಾಧಾರಣ. ನೀನು ಹೂಂ ಎಂದರೆ ಬರುತ್ತೇನೆ. ಊಹೂಂ ಎಂದರೂ ಬರುತ್ತೇನೆ, ಆಗ ಎದುರಿಗೆ ಕೂತು ತಿದ್ದು.

ಆಮ್ಲಕ್ಕ ಕ್ಷಾರ ಕೂಡಿದಾಗ ಹುಟ್ಟತೈತಿ ಉಪ್ಪು;
ಸುಶೀಲವ್ವನ್ನ ಮಂದ್ಯಾಗ ನಿಲ್ಲಿಸಿ ಕೇಳಿದ್ದು ನಂದ ತಪ್ಪು.

ಪರಮೇಶ್ವರಪ್ಪ


ಸವಣೂರು,
೫ನೆಯ ಮಾರ್ಚ ೧೯೩೯

ಅಣ್ಣನಿಗೆ ಸುಶೀಲವ್ವನ ನಮಸ್ಕಾರ.

ನಮ್ಮ ಸಂಗಡ ನೀನು ಸವಣೂರಿಗೆ ಬರಲಿಲ್ಲ, ಒಳ್ಳೆಯದಾಯಿತು. ಅವತ್ತು ಇದ್ದವರೆಲ್ಲ ಇರಬೇಕು ಎಂದು ನಾನೇ ಹೇಳಿದ್ದೆ. ಆದರೆ ನೀನು ಇದ್ದಿದ್ದರೆ ನಗುತ್ತಿದ್ದಿ, ನಮ್ಮವರು ಅದನ್ನೇ ನೆವ ಮಾಡಿಕೊಂಡು ನಿನ್ನ ಸಂಗಡ ಜಗಳ ತೆಗೆದು ಒಡಪನ್ನು ತಪ್ಪಿಸಿಕೊಳ್ಳುತ್ತಿದ್ದರು. ನಿಮ್ಮಿಬ್ಬರ ಜಗಳ ಎಷ್ಟೋ ಸಲ ನಿಮ್ಮಿಬ್ಬರನ್ನೂ ಕಾಪಾಡಿದೆ.

ಶಿಗ್ಗಾಂವಿಯವರೆಗೆ ಮೋಟಾರಿನಲ್ಲಿ ಅವರು ಬಾಯಿ ಬಿಡಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಪಕ್ಕದ ಮುದುಕ ಜಪ ಮಾಡುತ್ತಿದ್ದಾರೆಂದು ತಿಳಿದು ಕೈ ಮುಗಿದ.

ಮನೆಗೆ ಬಂದಾಗ ಹೊಸ್ತಿಲ ಒಳಗೆ ಅತ್ತಿಯವರೂ ಸರೋಜವ್ವನವರೂ ಸೀರೆಯ ಸೆರಗನ್ನು ಅಡ್ಡ ಹಿಡಿದು ನಿಂತಿದ್ದರು. ಕಟ್ಟೆಯ ಮೇಲೆ ಹೆಡ್‌ಮಾಸ್ತರು, ಮಜೀದ ಮಾಸ್ತರು. ಹೆಣ್ಣುಮಗಳು ದಣಿದು ಬಂದಿದ್ದಾಳೆ ಎಂದು ಸರೋಜವ್ವ ಸೆರಗು ಎತ್ತಿ ನನ್ನನ್ನು ಒಳಗೆ ಬಿಟ್ಟರು. ಅವರನ್ನು ಬಿಡಲಿಲ್ಲ. ಟ್ರಂಕು ಹೆಗಲ ಮೇಲೆ ಇತ್ತು. ಅದನ್ನು ಕೆಳಗಿಡಲೂ ಕೊಡಲಿಲ್ಲ.

ಮೊದಲನೆಯ ಸಾಲನ್ನು ಅವರು ವರ್ಗದಲ್ಲಿ ಪಾಠ ಹೇಳುವ ದನಿಯಲ್ಲಿ ಚೆನ್ನಾಗಿಯೇ ಹೇಳಿದರು. ಎರಡನೆಯದರಲ್ಲಿ ನನ್ನ ಹೆಸರನ್ನೂ ಪೂರ್ತಿಯಾಗಿ ಹೇಳಿದರು. ನಿಲ್ಲಿಸಿ ಕೇಳಿದ್ದು ಎಂಬಲ್ಲಿಯವರೆಗೆ ಬಂದು ಕೆಮ್ಮಿದರು. ಕಟ್ಟೆಯ ಕಡೆ ನೋಡಿದರು. ಆಮೇಲೆ ಅವಸರದಿಂದ, “ನಂದ ಒಪ್ಪು” ಎಂದುಬಿಟ್ಟು ಒಂದು ಕಾಲು ಹೊಸ್ತಿಲ ಮೇಲೆ ಇಟ್ಟರು.

ಸರೋಜವ್ವ ಸೆರಗನ್ನು ಇನ್ನೂ ಬಿಗಿದು ಹಿಡಿದರು. ಅತ್ತಿಯವರು ಮಗನ ಕಾಲನ್ನು ತಮ್ಮ ಕಾಲಿನಿಂದ ಹೊರಗೆ ತಳ್ಳಿದರು. ಆಗ ಕಟ್ಟೆಯ ಮೇಲಿನಿಂದ ಮಜೀದ ಮಾಸ್ತರು ಬಹಳ ಗಂಭೀರವಾಗಿ, “ಸರ, ಸೂತ್ರ ತಪ್ಪೇತ್ರಿ” ಎಂದರು. ಹೆಡ್‌ಮಾಸ್ತರು ನಗಲಿಲ್ಲ. ಅವರ ಹೆಂಡತಿ ಅವರನ್ನೇ ನೋಡುತ್ತಿದ್ದರು.

ನಮ್ಮವರು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಕಿವಿ ಕೆಂಪಗಾಗಿತ್ತು. ನೆಲ ನೋಡುತ್ತ ಮೊದಲಿನಿಂದ ಎರಡೂ ಸಾಲು ಹೇಳಿದರು. ಈ ಸಲ ಪಾಠದ ದನಿ ಇರಲಿಲ್ಲ. ಕೊನೆಯ ಶಬ್ದ ಎಷ್ಟು ಮೆಲ್ಲಗಿತ್ತೆಂದರೆ ಕಟ್ಟೆಯವರಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ನನಗೆ ಕೇಳಿಸಿತು.

ಸರೋಜವ್ವ ನನ್ನ ಕಡೆ ತಿರುಗಿ, ಈಗ ನಿನ್ನ ಪಾಳಿ, ಇವರ ಹೆಸರು ಹೇಳಿ ಒಳಗೆ ಕರೆದುಕೋ ಎಂದರು. ನಮ್ಮವರು ತಲೆ ಎತ್ತಿದರು, ಬಹಳ ಆಸೆಯಿಂದ. ಆರು ತಿಂಗಳು ಕಟ್ಟಿದ ಒಡಪು ಇದೆಯೆಂದು ತಿಳಿದಿದ್ದರೇನೋ.

ನಾನು ತಂಬಿಗೆಯ ನೀರನ್ನು ಅವರ ಮುಂದೆ ಇಟ್ಟೆ.

“ಪರಮೇಶ್ವರಪ್ಪ, ಕಾಲ ತೊಳಕೊಂಡ ಒಳಗ ಬರ್ರಿ” ಎಂದೆ.

ಪ್ರಾಸವಿಲ್ಲ, ಸುತ್ತಿಲ್ಲ, ಬರೀ ಹೆಸರು. ಸರೋಜವ್ವನವರ ಕೈಯಿಂದ ಸೆರಗು ಜಾರಿತು. ಅತ್ತಿಯವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಬಯ್ಯುತ್ತಾರೆಂದು ನೋಡಿದೆ, ಕೈಯ ಹಿಂದೆ ನಗುತ್ತಿದ್ದರು.

ನಮ್ಮವರು ಟ್ರಂಕು ಇಳಿಸಿ, ಬಗ್ಗಿ, ಎರಡೂ ಕಾಲನ್ನು ಹಿಮ್ಮಡಿಯ ತನಕ ತೊಳೆದುಕೊಂಡು ಬಂದರು.

ನಿನ್ನ ತಂಗಿ,
ಸುಶೀಲವ್ವ